ಗೇಟ್ ಹೋಗಿದ್ದು ಖರೆ, ಡ್ಯಾಮ್ ಒಡೆದಿದ್ದು ಸುಳ್ಳು: ಮಕ್ಕಳಿಗೆ ಫೋನಿನ ಸುದ್ದಿ ಓದಲು ಕಲಿಸುವುದು ಹೇಗೆ?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಯಿತು. ಗೇಟು ನೀರಿನ ಜೊತೆ ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು ಹೊಳೆಗೆ ನೀರು ಬಿಡಬೇಕಾಯಿತು. 33 ಗೇಟುಗಳ ಆ ಅಣೆಕಟ್ಟಿನಲ್ಲಿ ಏಳು ದಶಕದಲ್ಲಿ ಇಂಥದ್ದು ಆಗಿದ್ದು ಅದೇ ಮೊದಲು. ಮುನಿರಾಬಾದಿನಿಂದ ಕಂಪ್ಲಿ, ಸಿರುಗುಪ್ಪದ ತನಕ ಹೊಳೆದಂಡೆಯ ಊರುಗಳಲ್ಲಿ ಆ ರಾತ್ರಿ ಎಷ್ಟು ಜನ ನಿದ್ದೆಗೆಟ್ಟರೋ.

ಇಂಥ ಹೊತ್ತಿನಲ್ಲಿ ಫೋನಿಗೆ ಎರಡು ಥರದ ಮೆಸೇಜು ಬರುತ್ತದೆ. "ಗೇಟ್ ಹೋಗಿದೆ, ಹೊಳೆ ಕಡೆ ಹೋಗಬೇಡಿ" ಅನ್ನುವುದು ಒಂದು. "ಡ್ಯಾಮ್ ಒಡೆದಿದೆ, ಊರು ಬಿಡಿ" ಅನ್ನುವುದು ಇನ್ನೊಂದು. ಮೊದಲನೆಯದು ನಿಜ, ಎರಡನೆಯದು ಸುಳ್ಳು. ಆದರೆ ಎರಡೂ ಒಂದೇ ಗ್ರೂಪಿನಲ್ಲಿ, ಒಂದೇ ಅವಸರದಲ್ಲಿ, ಗುರುತಿನವರ ಹೆಸರಿನಲ್ಲೇ ಬರುತ್ತವೆ. ಜೊತೆಗೊಂದು ವಿಡಿಯೋ. ನೀರು ಧುಮುಕುತ್ತಿರುತ್ತದೆ, ಜನ ಕೂಗುತ್ತಿರುತ್ತಾರೆ. ಅದು ಯಾವ ಡ್ಯಾಮು, ಯಾವ ವರ್ಷದ್ದು ಅಂತ ವಿಡಿಯೋ ಹೇಳುವುದಿಲ್ಲ.

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಫೋನು ಚೆನ್ನಾಗಿ ಬಲ್ಲವರು ಅಂದ್ರೆ ಹೈಸ್ಕೂಲಿಗೆ ಹೋಗುವ ಮಗ ಅಥವಾ ಮಗಳು. ಅಜ್ಜ ಫೋನು ಅವಳ ಕೈಗೆ ಕೊಟ್ಟು ಕೇಳುತ್ತಾನೆ: "ನೋಡವ್ವಾ, ಇದು ಖರೇನ?" ಈ ಪ್ರಶ್ನೆಗೆ ಉತ್ತರ ಹುಡುಕುವುದನ್ನು ನಾವು ಅವಳಿಗೆ ಕಲಿಸಿದ್ದೇವಾ? ಕಲಿಸಿರುವುದು ಬರೀ ಹೆದರಿಕೆ. "ಮೊಬೈಲ್ ಹಾಳು ಮಾಡ್ತದ", "ಬಂದದ್ದೆಲ್ಲಾ ನಂಬಬೇಡ" ಅಷ್ಟೇ. ಏನನ್ನೂ ನಂಬಬೇಡ ಅಂತ ಕಲಿತ ಹುಡುಗಿ "ಹೊಳೆ ಕಡೆ ಹೋಗಬೇಡಿ" ಅನ್ನುವುದನ್ನೂ ನಂಬುವುದಿಲ್ಲ. ಆ ರಾತ್ರಿ ಅದು ಜೀವಕ್ಕೇ ಅಪಾಯ.

ಒಂದು ದಿನದ ಭಾಷಣಕ್ಕೆ ಬಗ್ಗುವ ವಿಷಯ ಇದಲ್ಲ

ಬಹಳ ಶಾಲೆಗಳಲ್ಲಿ ಈ ಪಾಠ ಅಂದ್ರೆ ವರ್ಷಕ್ಕೊಂದು ಸೈಬರ್ ಜಾಗೃತಿ ಕಾರ್ಯಕ್ರಮ. ಬ್ಯಾನರ್, ಅತಿಥಿ, ಸ್ವಾಗತ, ವಂದನಾರ್ಪಣೆ, ಫೋಟೋ. ಮಕ್ಕಳು ಬಿಸಿಲಲ್ಲಿ ಕೂತು ಚಪ್ಪಾಳೆ ತಟ್ಟಿ ಎದ್ದು ಹೋಗುತ್ತಾರೆ. ಇದರಿಂದ ಏನಾದರೂ ಉಪಯೋಗ ಇದೆಯಾ ಅನ್ನುವ ಪ್ರಶ್ನೆಗೆ ಬಿಹಾರದಿಂದ ಎರಡು ಒಳ್ಳೆಯ ಉತ್ತರ ಸಿಕ್ಕಿವೆ.

ರಾಜಕೀಯ ವಿಜ್ಞಾನಿ ಸುಮಿತ್ರಾ ಬದ್ರಿನಾಥನ್ 2019ರ ಲೋಕಸಭಾ ಚುನಾವಣೆಯ ಹೊತ್ತಿನಲ್ಲಿ ಗಯಾದಲ್ಲಿ ಒಂದು ಪ್ರಯೋಗ ಮಾಡಿದರು. ಜನರ ಮನೆಗೇ ಹೋಗಿ, ಸುಳ್ಳು ಸುದ್ದಿ ಪತ್ತೆ ಹಚ್ಚುವುದು ಹೇಗೆ ಅಂತ ಸುಮಾರು ಒಂದು ತಾಸು ಹೇಳಿಕೊಟ್ಟರು. ಆಮೇಲೆ ಪರೀಕ್ಷಿಸಿ ನೋಡಿದರೆ, ಪಾಠ ಕೇಳಿದವರಿಗೂ ಕೇಳದವರಿಗೂ ಒಟ್ಟಾರೆ ಹೇಳಿಕೊಳ್ಳುವಂಥ ಫರಕು ಕಾಣಲಿಲ್ಲ.

ಮುಂದೆ ಅವರೂ ಇನ್ನು ಕೆಲವರೂ ಸೇರಿ ಅದೇ ರಾಜ್ಯದಲ್ಲಿ ದೊಡ್ಡ ಕೆಲಸಕ್ಕೆ ಇಳಿದರು. 583 ಹಳ್ಳಿ, 13,500ಕ್ಕೂ ಹೆಚ್ಚು ಹೈಸ್ಕೂಲು ವಯಸ್ಸಿನ ಮಕ್ಕಳು. ಈ ಸಲ ಒಂದೇ ಭಾಷಣಕ್ಕೆ ಮುಗಿಸಲಿಲ್ಲ. ಊರಿನ ಗ್ರಂಥಾಲಯಗಳಲ್ಲಿ ತಿಂಗಳುಗಟ್ಟಲೆ ಬಿಡಿಸಿ ಬಿಡಿಸಿ ತರಗತಿ ನಡೆಸಿದರು, ಮನೆಗೆಲಸ ಕೊಟ್ಟರು. ಫಲ ಸಿಕ್ಕಿತು. ಪಾಠ ಮುಗಿದು ತಿಂಗಳುಗಳಾದ ಮೇಲೂ ಮಕ್ಕಳು ನಿಜ ಯಾವುದು, ಸುಳ್ಳು ಯಾವುದು ಅಂತ ಇತರರಿಗಿಂತ ಚೆನ್ನಾಗಿ ಬೇರೆ ಮಾಡುತ್ತಿದ್ದರು. ತರಗತಿಗೆ ಕಾಲಿಡದ ಅಪ್ಪ-ಅಮ್ಮಂದಿರಲ್ಲೂ ಅದರ ಪರಿಣಾಮ ಕಂಡಿತು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ. ಮಗಳಿಗೆ ಕಲಿಸಿದರೆ ಮನೆಗೆ ಕಲಿಸಿದಂತೆ ಅಂತ ನಾವು ಸುಮ್ನೆ ಹೇಳುತ್ತಿದ್ದ ಮಾತಿಗೆ ಲೆಕ್ಕ ಸಿಕ್ಕಿತು.

ಕೇರಳದ ಕಣ್ಣೂರಿನಲ್ಲೂ 2018ರಲ್ಲಿ ಜಿಲ್ಲಾಡಳಿತವೇ ಮುಂದೆ ನಿಂತು ಸುಮಾರು 150 ಸರ್ಕಾರಿ ಶಾಲೆಗಳಲ್ಲಿ 'ಸತ್ಯಮೇವ ಜಯತೆ' ಹೆಸರಿನಲ್ಲಿ ಇಂಥ ತರಗತಿ ನಡೆಸಿತ್ತು. ಕೊಪ್ಪಳ, ರಾಯಚೂರು, ಬಳ್ಳಾರಿಯಲ್ಲಿ ಆಗಲಾರದ್ದೇನಲ್ಲ. ವಾರಕ್ಕೆ ಹದಿನೈದು ನಿಮಿಷ ಸಾಕು ಅನ್ನುವುದು ನನ್ನ ಲೆಕ್ಕ. ಆದರೆ ಪ್ರತಿ ವಾರ ಆಗಬೇಕು. ಪ್ರತಿ ಸಲ ಒಂದೇ ಒಂದು ಮೆಸೇಜು ತಗೊಂಡು, ಅದನ್ನು ಮಕ್ಕಳೇ ಬಿಚ್ಚಿ ನೋಡಬೇಕು.

ಪುಟ ಬಿಟ್ಟು ಹೊರಗೆ ಬನ್ನಿ

ಯಾವುದಾದರೂ ವೆಬ್‌ಸೈಟ್ ನಂಬಬಹುದಾ ಅಂತ ಕೇಳಿದರೆ ನಾವೆಲ್ಲ ಏನು ಮಾಡುತ್ತೇವೆ? ಅದನ್ನೇ ಮೇಲಿಂದ ಕೆಳಗೆ ಓದುತ್ತೇವೆ. ಲೋಗೋ ನೋಡುತ್ತೇವೆ, ಭಾಷೆ ಶುದ್ಧವಾಗಿದೆಯಾ ನೋಡುತ್ತೇವೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಇದನ್ನೇ ಪರೀಕ್ಷಿಸಿದರು. ಇತಿಹಾಸದಲ್ಲಿ ಪಿಎಚ್‌ಡಿ ಮಾಡಿದ 10 ಜನ, ಸತ್ಯಶೋಧನೆಯೇ ಉದ್ಯೋಗವಾದ 10 ಜನ ಪತ್ರಕರ್ತರು, ಅದೇ ವಿಶ್ವವಿದ್ಯಾಲಯದ 25 ವಿದ್ಯಾರ್ಥಿಗಳು. ಎಲ್ಲರಿಗೂ ಮಕ್ಕಳ ವೈದ್ಯರ ಎರಡು ಸಂಘಗಳ ವೆಬ್‌ಸೈಟ್ ಕೊಟ್ಟರು. ಹೆಸರು ಹೆಚ್ಚುಕಡಿಮೆ ಒಂದೇ ಥರ. ಒಂದು ಸಾವಿರಾರು ವೈದ್ಯರಿರುವ ಹಳೆಯ ಸಂಸ್ಥೆ. ಇನ್ನೊಂದು ಅದರಿಂದ ಸಿಡಿದು ಹೋದ ಸಣ್ಣ ಗುಂಪು. ಓದಿಕೊಂಡವರೇ ಬಹಳ ಮಂದಿ ಏಮಾರಿದರು. ಎರಡೂ ಪುಟ ನೀಟಾಗಿದ್ದವು, ಅದಕ್ಕೇ.

ಪತ್ರಕರ್ತರು ಮಾತ್ರ ಏಮಾರಲಿಲ್ಲ. ಅವರು ಆ ಪುಟವನ್ನು ಪೂರ್ತಿ ಓದುವ ಗೋಜಿಗೇ ಹೋಗಲಿಲ್ಲ. ಕೂಡಲೇ ಇನ್ನೊಂದು ಟ್ಯಾಬ್ ತೆರೆದು, ಈ ಸಂಘದ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಅಂತ ಹುಡುಕಿದರು. ಒಬ್ಬರ ಬಗ್ಗೆ ತಿಳಿಯಲು ಅವರನ್ನೇ ಕೇಳಿದರೆ ಹೊಗಳಿಕೊಳ್ಳುತ್ತಾರೆ, ಓಣಿಯಲ್ಲಿ ನಾಲ್ಕು ಮಂದಿಯನ್ನು ಕೇಳಬೇಕು. ಹೆಣ್ಣು ಕೊಡುವಾಗ ನಾವು ಮಾಡುವುದು ಅದನ್ನೇ ಅಲ್ವಾ?

ಇದಕ್ಕೆ ನಮ್ಮ ಜಿಲ್ಲೆಗಳಲ್ಲೇ ಒಂದು ಚಂದದ ಉದಾಹರಣೆ ಇದೆ. ಸಮಾಜ ವಿಜ್ಞಾನದ ಮೇಷ್ಟ್ರು ಇದನ್ನು ಬಿಡಬಾರದು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದಾಗ ಶಾಸನಗಳಲ್ಲಿ ಸಿಕ್ಕಿದ್ದು 'ದೇವಾನಾಂಪಿಯ ಪಿಯದಸಿ' ಅನ್ನುವ ಬಿರುದು. ಇವನು ಯಾರು ಅಂತ ಶಾಸನ ಹೇಳಲಿಲ್ಲ. ಶ್ರೀಲಂಕಾದ ಪಾಲಿ ಗ್ರಂಥದ ಜೊತೆ ತಾಳೆ ನೋಡಿ, ಇವನು ಅಶೋಕನೇ ಇರಬೇಕು ಅಂತ ವಿದ್ವಾಂಸರು ಹೇಳಿದರು. ಗಟ್ಟಿ ಪುರಾವೆಗೆ 1915ರ ತನಕ ಕಾಯಬೇಕಾಯಿತು. ಆ ವರ್ಷ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಬಿದ್ದ ಶಾಸನದಲ್ಲಿ ಆ ಬಿರುದಿನ ಪಕ್ಕದಲ್ಲೇ 'ಅಶೋಕ' ಅನ್ನುವ ಹೆಸರಿತ್ತು. ಮುಂದೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೇಗೊಳಂ ಶಾಸನಗಳಲ್ಲೂ ಅದೇ ಹೆಸರು ಸಿಕ್ಕಿತು. ಒಂದು ಮೂಲ ಹೇಳಿದ್ದನ್ನು ಅದಕ್ಕೆ ಸಂಬಂಧವಿಲ್ಲದ ಇನ್ನೊಂದು ಮೂಲದ ಜೊತೆ ಹಚ್ಚಿ ನೋಡುವುದು, ಸಾಲದಿದ್ದರೆ ಮೂರನೆಯದಕ್ಕೆ ಕಾಯುವುದು. ಇತಿಹಾಸಕಾರರ ಕೆಲಸವೂ ಇಷ್ಟೇ, ವಾಟ್ಸಾಪ್ ಮೆಸೇಜಿನ ಕೆಲಸವೂ ಇಷ್ಟೇ.

'ಸಂಬಂಧವಿಲ್ಲದ' ಅನ್ನುವ ಮಾತನ್ನು ಮಕ್ಕಳಿಗೆ ಒತ್ತಿ ಹೇಳಬೇಕು. "ಸರ್ರಿ, ನಾಕು ಗ್ರೂಪಿನ್ಯಾಗ ಬಂದೈತ್ರಿ, ಖರೇನ ಇರಬೇಕು" ಅಂತ ಯಾರಾದರೂ ಹುಡುಗ ಹೇಳಿಯೇ ಹೇಳುತ್ತಾನೆ. ನಾಲ್ಕೂ ಕಡೆ ಬಂದಿರುವುದು ಒಂದೇ ಮೆಸೇಜು. ಅಕ್ಷರ ತಪ್ಪು ಕೂಡ ಅದೇ. ಅದು ನಾಲ್ಕು ಸಾಕ್ಷಿ ಆಗುವುದಿಲ್ಲ. ಟಿವಿಯಲ್ಲಿ ಬಂತು ಅನ್ನುವುದೂ ಯಾವಾಗಲೂ ಸಾಕಾಗುವುದಿಲ್ಲ. 2016ರ ನವೆಂಬರಿನಲ್ಲಿ ಹೊಸ 2000 ರೂಪಾಯಿ ನೋಟಿನಲ್ಲಿ ನ್ಯಾನೋ ಚಿಪ್ ಇದೆ, ನೆಲದಡಿ ಹೂತಿಟ್ಟರೂ ಉಪಗ್ರಹಕ್ಕೆ ಗೊತ್ತಾಗುತ್ತದೆ ಅಂತ ಸುದ್ದಿ ವಾಹಿನಿಗಳೇ ತೋರಿಸಿದ್ದವು. ನೋಟು ಬಂದು ಹೋಯಿತು, ಚಿಪ್ ಯಾರಿಗೂ ಸಿಗಲಿಲ್ಲ.

ಹಾಗಾದರೆ ಮೂಲಕ್ಕೇ ಹೋಗುವುದು ಹೇಗೆ? ನಮ್ಮ ರಾಷ್ಟ್ರಗೀತೆಯನ್ನು ಯುನೆಸ್ಕೋ ಜಗತ್ತಿನಲ್ಲೇ ಶ್ರೇಷ್ಠ ಅಂತ ಘೋಷಿಸಿದೆ ಅನ್ನುವ ಮೆಸೇಜು ವರ್ಷವರ್ಷ ಆಗಸ್ಟಿನಲ್ಲಿ ತಿರುಗುತ್ತದೆ. ಯುನೆಸ್ಕೋ ರಾಷ್ಟ್ರಗೀತೆಗಳಿಗೆ ರ‍್ಯಾಂಕ್ ಕೊಡುವುದೇ ಇಲ್ಲ. ಅದೇ ಯುನೆಸ್ಕೋ 1986ರಲ್ಲಿ ಹಂಪಿಯನ್ನು ವಿಶ್ವ ಪರಂಪರೆ ತಾಣಗಳ ಪಟ್ಟಿಗೆ ಸೇರಿಸಿದ್ದು ನಿಜ. ಎರಡನ್ನೂ ಮಕ್ಕಳ ಮುಂದಿಡಿ. ಯುನೆಸ್ಕೋದ ಸ್ವಂತ ವೆಬ್‌ಸೈಟಿನಲ್ಲಿ ಹುಡುಕಲು ಹೇಳಿ. ಹಂಪಿಯದು ಒಂದು ನಿಮಿಷದಲ್ಲಿ ಸಿಗುತ್ತದೆ. ಇನ್ನೊಂದು ಎಷ್ಟು ಹುಡುಕಿದರೂ ಸಿಗುವುದಿಲ್ಲ. ಹೆಮ್ಮೆ ಪಡುವ ಸುದ್ದಿಯನ್ನೂ ಪರೀಕ್ಷಿಸಬೇಕು ಅನ್ನುವುದು ಮಕ್ಕಳಿಗೆ ಮೊದಮೊದಲು ಇಷ್ಟವಾಗುವುದಿಲ್ಲ. ದೊಡ್ಡವರಿಗಂತೂ ಇನ್ನೂ ಕಷ್ಟ.

ಅಡ್ರೆಸ್ ಓದುವ ಕ್ರಮ

ಸ್ಕಾಲರ್‌ಶಿಪ್ ಹೊತ್ತಿನಲ್ಲಿ, ಎಸ್ಸೆಸ್ಸೆಲ್ಸಿ ಫಲಿತಾಂಶದ ಹೊತ್ತಿನಲ್ಲಿ "ಪಾಸಾದವರಿಗೆಲ್ಲ ಉಚಿತ ಲ್ಯಾಪ್‌ಟಾಪ್, ಇಂದೇ ಕೊನೆ ದಿನ" ಅಂತ ಲಿಂಕುಗಳು ಬರುತ್ತವೆ. ಲಿಂಕಿನೊಳಗೆ ಸರ್ಕಾರದ ಹೆಸರೂ ಇರುತ್ತದೆ. ಅದು ಎಲ್ಲಿದೆ ಅನ್ನುವುದೇ ಮುಖ್ಯ.

ವೆಬ್‌ಸೈಟಿನ ವಿಳಾಸವನ್ನು ಹಿಂದಿನಿಂದ ಓದಬೇಕು. ವಿಳಾಸದಲ್ಲಿ ಬರುವ ಮೊದಲ ಒಂಟಿ ಅಡ್ಡಗೆರೆ ಇದೆಯಲ್ಲ, ಅಲ್ಲಿಗೆ ನಿಲ್ಲಿ. ಅದರ ಎಡಕ್ಕೆ ಕೊನೆಯಲ್ಲಿ ಇರುವುದೇ ಆ ಜಾಗದ ನಿಜವಾದ ಮಾಲೀಕ. ರಾಜ್ಯದ ವಿದ್ಯಾರ್ಥಿವೇತನದ ತಾಣ 'ಎಸ್‌ಎಸ್‌ಪಿ ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್'. ಕೊನೆಯಲ್ಲಿ 'ಗವ್ ಡಾಟ್ ಇನ್' ಇದೆ. ಅದನ್ನು ಸರ್ಕಾರಿ ಸಂಸ್ಥೆಗಳಿಗೆ ಬಿಟ್ಟು ಬೇರೆಯವರಿಗೆ ಕೊಡುವುದಿಲ್ಲ. ಈಗ ಇನ್ನೊಂದು ವಿಳಾಸ ಊಹಿಸಿಕೊಳ್ಳಿ: 'ಕರ್ನಾಟಕ ಗವ್ ಇನ್' ಅನ್ನುವುದೆಲ್ಲ ಮುಂದೆಯೇ ಇದೆ, ಕೊನೆಗೆ 'ಡಾಟ್ ಎಕ್ಸ್‌ವೈಝಡ್' ಅಂತಿದೆ. ಮುಂದಿನ ಹೆಸರು ಬರೀ ಬಣ್ಣ. ಅದನ್ನು ಯಾರು ಬೇಕಾದರೂ ಕೆಲವು ನೂರು ರೂಪಾಯಿಗೆ ಕೊಳ್ಳಬಹುದು.

ಬೋರ್ಡಿನ ಮೇಲೆ ಐದಾರು ವಿಳಾಸ ಬರೆದು ಯಾವುದು ಸರ್ಕಾರದ್ದು ಅಂತ ಕೇಳಿ. ಫೋನೂ ಬೇಡ, ಕರೆಂಟೂ ಬೇಡ. ವಿಳಾಸದ ಪಕ್ಕ ಬೀಗದ ಗುರುತು ಇದ್ದರೆ ಸೈಟು ನಂಬಿಕಸ್ತ ಅನ್ನುವ ಹಳೆಯ ಪಾಠ ಮಾತ್ರ ಇನ್ನು ಮೇಲೆ ಬೇಡ. ದಾರಿಯಲ್ಲಿ ನಿಮ್ಮ ಮಾಹಿತಿಯನ್ನು ಬೇರೆಯವರು ಕದ್ದು ಓದಲಾರರು ಅಂತಷ್ಟೇ ಅದು ಹೇಳುತ್ತಿತ್ತು. ಆ ತುದಿಯಲ್ಲಿ ಕೂತವನೇ ಕಳ್ಳನಾಗಿದ್ದರೆ? ಜನ ತಪ್ಪು ತಿಳಿಯುತ್ತಾರೆ ಅಂತಲೇ ಗೂಗಲ್ 2023ರಲ್ಲಿ ಕ್ರೋಮ್‌ನಿಂದ ಆ ಬೀಗದ ಚಿತ್ರವನ್ನು ತೆಗೆದು ಹಾಕಿತು.

ನೌಕರಿಯ ಸುದ್ದಿಗೂ ಇದೇ ಕ್ರಮ. ಕಲ್ಯಾಣ ಕರ್ನಾಟಕದವರಿಗೆ ಇರುವ 371ಜೆ ಮೀಸಲಾತಿಯ ಹೆಸರು ಹೇಳಿ ನೇಮಕಾತಿ ಅಂತ ಬರುವ ಪಿಡಿಎಫ್‌ನಲ್ಲಿ ಲಾಂಛನ, ಸಹಿ, ಸೀಲು ಎಲ್ಲಾ ಇರಬಹುದು. ನೇಮಕಾತಿ ಮಾಡುವ ಇಲಾಖೆಯ ಅಥವಾ ಪರೀಕ್ಷಾ ಪ್ರಾಧಿಕಾರದ ತಾಣದಲ್ಲಿ ಆ ಅಧಿಸೂಚನೆ ಇದೆಯಾ? ಇಲ್ಲ ಅಂದರೆ ಸೀಲಿಗೆ ಬೆಲೆ ಇಲ್ಲ. ಪರೀಕ್ಷೆ ಸಮಯದಲ್ಲಿ ಟೆಲಿಗ್ರಾಂನಲ್ಲಿ ದುಡ್ಡಿಗೆ ಮಾರುವ 'ಲೀಕ್ ಆದ' ಪ್ರಶ್ನೆಪತ್ರಿಕೆಯ ಬಗ್ಗೆ ಒಂದೇ ಮಾತು: ಅದು ಸುಳ್ಳಾದರೆ ದುಡ್ಡು ಹೋಯಿತು, ನಿಜವಾದರೆ ಕೇಸು ಬಿತ್ತು.

ಫೋಟೋ, ವಿಡಿಯೋ, ಎರಡು ಬಾಣ

ಡ್ಯಾಮಿನ ವಿಡಿಯೋಗೆ ಮರಳೋಣ. ವಿಡಿಯೋ ನಿಲ್ಲಿಸಿ ಒಂದು ಸ್ಕ್ರೀನ್‌ಶಾಟ್ ತೆಗೆಯಿರಿ. ಗೂಗಲ್ ಲೆನ್ಸ್‌ನಲ್ಲಿ ಅದನ್ನು ಹಾಕಿ. ಅದೇ ಚಿತ್ರ ಅಥವಾ ಅಂಥದ್ದೇ ಚಿತ್ರ ಹಿಂದೆ ಎಲ್ಲೆಲ್ಲಿ ಬಂದಿದೆ ಅಂತ ಅದು ತೋರಿಸುತ್ತದೆ. ಅದರಲ್ಲಿ ಎಲ್ಲಕ್ಕಿಂತ ಹಳೆಯ ತಾರೀಕು ಹುಡುಕಿ. ಇಂದು ರಾತ್ರಿ ನಡೆದದ್ದು ಅನ್ನುವ ವಿಡಿಯೋ ಮೂರು ವರ್ಷದ ಹಿಂದೆಯೇ ಇನ್ನೊಂದು ರಾಜ್ಯದ ಹೆಸರಲ್ಲಿ ಬಂದಿದ್ದರೆ ಕೆಲಸ ಮುಗಿಯಿತು. ಏನೂ ಸಿಗದಿದ್ದರೆ ಅದು ನಿಜ ಅಂತ ಅರ್ಥವಲ್ಲ. ಆಗ ಚಿತ್ರದೊಳಗೆ ಇಳಿಯಬೇಕು. ಅಂಗಡಿ ಬೋರ್ಡು ಯಾವ ಭಾಷೆಯಲ್ಲಿದೆ? ಗಾಡಿ ನಂಬರಿನಲ್ಲಿ ಕೆಎ ಇದೆಯಾ, ಬೇರೆ ಇದೆಯಾ? ರಾಯಚೂರಿನ ಮಕ್ಕಳಿಗೆ ತೆಲುಗು ಬೋರ್ಡು ಕಂಡರೆ ಕೂಡಲೇ ಗೊತ್ತಾಗುತ್ತದೆ, ಕೊಪ್ಪಳದವರಿಗೆ ಸ್ವಲ್ಪ ಹೊತ್ತು ಬೇಕು. ಈ ಆಟದಲ್ಲಿ ಹಿಂದಿನ ಬೆಂಚಿನವರೇ ಮುಂದೆ ಬಂದರೆ ಆಶ್ಚರ್ಯ ಬೇಡ.

ಚಿತ್ರ ನಿಜವಿದ್ದೂ ಸುಳ್ಳಾಗುವುದು ಹೇಗೆ ಅನ್ನುವುದಕ್ಕೆ 2018ರ ಮಕ್ಕಳ ಕಳ್ಳರ ವಿಡಿಯೋ ನೋಡಿ. ಬೈಕಿನಲ್ಲಿ ಬಂದವರು ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ ದೇಶ ತುಂಬ ಹರಿದಾಡಿತು. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ವಿಡಿಯೋ. ಮೂಲದಲ್ಲಿ ಬೈಕು ತಿರುಗಿ ಬಂದು ಮಗುವನ್ನು ವಾಪಸ್ ಬಿಡುತ್ತದೆ, ಸವಾರ ಒಂದು ಫಲಕ ತೋರಿಸುತ್ತಾನೆ. ಯಾರೋ ಆ ಕೊನೆಯನ್ನು ಕತ್ತರಿಸಿದರು. ಅದೇ ವರ್ಷ ಜುಲೈ 13ರಂದು ನಮ್ಮದೇ ಭಾಗದ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕಲೇಟ್ ಕೊಟ್ಟವರನ್ನು ಕಳ್ಳರೆಂದು ತಿಳಿದು ಜನ ಹೊಡೆದರು. ಹೈದರಾಬಾದಿನ ಒಬ್ಬ ಸಾಫ್ಟ್‌ವೇರ್ ಉದ್ಯೋಗಿ ಸತ್ತುಹೋದರು. ಅವರು ತಪ್ಪಿಸಿಕೊಂಡು ಹೊರಟಿದ್ದ ಕಾರು ಬರುವ ಮೊದಲೇ ಮೆಸೇಜು ಮುಂದಿನ ಊರು ತಲುಪಿತ್ತು.

ಅದೇ ತಿಂಗಳು ವಾಟ್ಸಾಪ್ 'ಫಾರ್ವರ್ಡ್ ಆದದ್ದು' ಅನ್ನುವ ಗುರುತು ತಂದಿತು. ಭಾರತದಲ್ಲಿ ಒಂದು ಸಲಕ್ಕೆ ಐದು ಚಾಟ್‌ಗಿಂತ ಜಾಸ್ತಿ ಕಳಿಸದಂತೆ ಮಿತಿಯನ್ನೂ ಹಾಕಿತು. ಈಗ ಕೆಲವು ಮೆಸೇಜಿನ ಮೇಲೆ ಜೋಡಿ ಬಾಣ ಕಾಣುತ್ತದೆ. ಮೊದಲು ಕಳಿಸಿದವನಿಂದ ಐದು ಅಥವಾ ಇನ್ನೂ ಜಾಸ್ತಿ ಕೈ ದಾಟಿ ಬಂದಿದೆ ಅಂತ ಅದರ ಅರ್ಥ. ಅಂಥದ್ದನ್ನು 2020ರಿಂದ ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದು. "ಮಾಮ ಕಳಿಸ್ಯಾನ" ಅಂತ ನಂಬುವ ಮೊದಲು ಬಾಣ ಎಷ್ಟಿದೆ ನೋಡಬೇಕು. ಮಾಮ ಒಳ್ಳೆಯವನೇ. ಅವನಿಗೆ ಕಳಿಸಿದವನು ಯಾರೋ ಗೊತ್ತಿಲ್ಲ.

ಇಷ್ಟೆಲ್ಲ ಗಡಿಬಿಡಿ ಯಾಕೆ ಅಂದರೆ ಸುಳ್ಳಿಗೆ ಕಾಲು ಜಾಸ್ತಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ, ಟ್ವಿಟರ್‌ನಲ್ಲಿ 2006ರಿಂದ 2017ರ ತನಕ ಹರಡಿದ ಸುಮಾರು 1,26,000 ಸುದ್ದಿಗಳನ್ನು ನೋಡಿದರು. 1,500 ಜನರನ್ನು ಮುಟ್ಟಲು ನಿಜಕ್ಕೆ ಸುಳ್ಳಿಗಿಂತ ಸುಮಾರು ಆರು ಪಟ್ಟು ಜಾಸ್ತಿ ಹೊತ್ತು ಬೇಕಾಯಿತು. ಸುಳ್ಳಿನಲ್ಲಿ ಹೊಸತನ ಇರುತ್ತದೆ, ಅಚ್ಚರಿ ಇರುತ್ತದೆ. ಹಾಗಾಗಿ ಸಿಟ್ಟು, ಹೆದರಿಕೆ, ಖುಷಿ ಯಾವುದಾದರೂ ಒಮ್ಮೆಲೇ ಉಕ್ಕಿ ಬಂದರೆ ಅಲ್ಲೇ ಕೈ ನಿಲ್ಲಿಸಬೇಕು ಅನ್ನುವುದು ಮೊದಲ ವಾರದ ಪಾಠ.

ಈಗ ಎಐ ಕೂಡ ಬಂದಿದೆ. ಮಕ್ಕಳು ಮನೆಗೆಲಸವನ್ನು ಅದಕ್ಕೇ ಕೇಳುತ್ತಾರೆ. ಬೈದು ಪ್ರಯೋಜನ ಇಲ್ಲ. ಅದರ ಬದಲು, ನಿಮ್ಮ ಊರಿನ ಗುಡಿ, ಜಾತ್ರೆ, ಊರಿಗೆ ಆ ಹೆಸರು ಬಂದ ಕಥೆ ಇವನ್ನು ಎಐಗೆ ಕೇಳಿ ಉತ್ತರ ಬರೆದುಕೊಂಡು ಬನ್ನಿ ಅಂತ ಹೇಳಿ. ಸಣ್ಣ ಊರಾದಷ್ಟೂ ಒಳ್ಳೆಯದು. ಅದು ಗೊತ್ತಿಲ್ಲದ್ದನ್ನೂ ಗೊತ್ತಿದ್ದವರ ಥರ ಹೇಳಬಲ್ಲದು. ಇಲ್ಲದ ರಾಜನನ್ನು ತಂದು ಕೂರಿಸಬಹುದು, ಜಾತ್ರೆಯ ತಿಂಗಳು ಬದಲಿಸಬಹುದು. ಊರಿನ ವಿಷಯದಲ್ಲಿ ಮಕ್ಕಳೇ ಪಂಡಿತರು. ಕೆಂಪು ಪೆನ್ನು ಅವರ ಕೈಗೆ ಕೊಡಿ. ಎಐ ತಪ್ಪು ಮಾಡುತ್ತದೆ ಅಂತ ಹತ್ತು ಸಲ ಹೇಳುವುದಕ್ಕಿಂತ ಇದು ಚೆನ್ನಾಗಿ ತಲೆಗೆ ಹತ್ತುತ್ತದೆ.

ಸುರಕ್ಷತೆ ಅಂದರೆ ಓಟಿಪಿ ಒಂದೇ ಅಲ್ಲ

ಓಟಿಪಿ ಯಾರಿಗೂ ಹೇಳಬೇಡಿ ಅನ್ನುವುದು ಈಗ ಎಲ್ಲರಿಗೂ ಬಾಯಿಪಾಠ. ಕಳ್ಳರೂ ದಾರಿ ಬದಲಿಸಿದ್ದಾರೆ. ಮದುವೆ ಕಾರ್ಡು, ಗಾಡಿ ದಂಡದ ಚಲನ್, ರೈತರ ಯೋಜನೆಯ ಹಣ ಅಂತ ವಾಟ್ಸಾಪ್‌ನಲ್ಲಿ ಒಂದು ಫೈಲು ಬರುತ್ತದೆ. ಅದರ ಹೆಸರಿನ ಕೊನೆಯಲ್ಲಿ 'ಎಪಿಕೆ' ಅಂತಿದ್ದರೆ ಅದು ಕಾರ್ಡೂ ಅಲ್ಲ, ಚಲನ್ನೂ ಅಲ್ಲ, ಒಂದು ಆ್ಯಪ್. ಒತ್ತಿ ಇನ್‌ಸ್ಟಾಲ್ ಮಾಡಿ, ಕೇಳಿದ್ದಕ್ಕೆಲ್ಲ ಅನುಮತಿ ಕೊಟ್ಟರೆ ಬರುವ ಎಸ್ಸೆಮ್ಮೆಸ್ಸನ್ನು ಅದೇ ಓದಿಕೊಳ್ಳುತ್ತದೆ. ಓಟಿಪಿ ನೀವು ಹೇಳಬೇಕಾಗೇ ಇಲ್ಲ. ಯುಪಿಐ ಬಗ್ಗೆ ಒಂದು ಸಾಲು ಸಾಕು: ದುಡ್ಡು ಬರಲು ಪಿನ್ ಬೇಡ, ಹೋಗಲು ಮಾತ್ರ ಬೇಕು.

ಡಿಗ್ರಿ, ಡಿಪ್ಲೊಮಾ ಓದುವವರಿಗೆ ಇನ್ನೊಂದನ್ನು ಹೇಳಲೇಬೇಕು. "ನಿನ್ನ ಅಕೌಂಟ್ ಸ್ವಲ್ಪ ದಿನ ಕೊಡು, ಕಮಿಷನ್ ಕೊಡ್ತೀವಿ" ಅಂತ ಯಾರಾದರೂ ಕೇಳಿದರೆ, ವಂಚನೆಯ ಹಣ ಸಾಗಿಸಲು ನಿಮ್ಮ ಖಾತೆ ಬೇಕಾಗಿದೆ ಅಂತಲೇ ಅರ್ಥ. ಇದಕ್ಕೆ ಮ್ಯೂಲ್ ಅಕೌಂಟ್ ಅನ್ನುತ್ತಾರೆ. ಹಣ ಮುಂದೆ ಹೋಗಿಬಿಡುತ್ತದೆ. ಪೊಲೀಸರು ಹುಡುಕಿಕೊಂಡು ಬರುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ.

ಎಲ್ಲಕ್ಕಿಂತ ಕಷ್ಟದ ವಿಷಯ ಫೋಟೋ ಇಟ್ಟುಕೊಂಡು ಹೆದರಿಸುವುದು. ಇನ್‌ಸ್ಟಾಗ್ರಾಂನಲ್ಲಿ ಗುರುತಾಗುತ್ತದೆ, ಮಾತು ಬೆಳೆಯುತ್ತದೆ, ಒಂದು ಫೋಟೋ ಹೋಗುತ್ತದೆ. ಆಮೇಲೆ ಬೆದರಿಕೆ ಶುರು. ಈಗ ಫೋಟೋ ಕಳಿಸಲೇಬೇಕು ಅಂತಿಲ್ಲ, ಪ್ರೊಫೈಲ್ ಚಿತ್ರದಿಂದಲೇ ಎಐ ಬಳಸಿ ನಕಲಿ ಮಾಡುತ್ತಾರೆ. ಗಂಡು ಹುಡುಗರೂ ಇದರಲ್ಲಿ ಸಿಕ್ಕಿಕೊಳ್ಳುತ್ತಾರೆ.

ನಮ್ಮ ಕಡೆಯ ಹುಡುಗಿಯರು ಇದನ್ನು ಮನೆಯಲ್ಲಿ ಯಾಕೆ ಹೇಳುವುದಿಲ್ಲ ಅಂತ ಯೋಚಿಸಿದ್ದೀರಾ? ಹೇಳಿದರೆ ಮೊದಲು ಹೋಗುವುದು ಫೋನು. ಆಮೇಲೆ ಕಾಲೇಜು. ಆಮೇಲೆ "ಇನ್ನು ಸಾಕು, ಗಂಡು ನೋಡ್ರಿ" ಅನ್ನುವ ಮಾತು. ತಪ್ಪು ಮಾಡಿದವನು ಇನ್ನೆಲ್ಲೋ ಆರಾಮ ಇರುತ್ತಾನೆ, ಶಿಕ್ಷೆ ಇವಳಿಗೆ. ಇದು ಅವನಿಗೂ ಗೊತ್ತು. "ನಿಮ್ಮಪ್ಪಗ ಕಳಿಸ್ತೀನಿ" ಅನ್ನುವ ಒಂದು ಸಾಲಿಗೆ ಅಷ್ಟು ಬಲ ಬಂದಿರುವುದು ಅವನಿಂದಲ್ಲ, ನಮ್ಮಿಂದ. ಆದ್ದರಿಂದ ಈ ಪಾಠ ಮಕ್ಕಳಿಗಿಂತ ಮೊದಲು ಪೋಷಕರ ಸಭೆಯಲ್ಲಿ ಆಗಬೇಕು. "ನಿಮ್ಮ ಮಗಳು ಬಂದು ಹೇಳಿದರೆ ಫೋನು ಕಸಿಯುವುದಿಲ್ಲ, ಶಾಲೆ ಬಿಡಿಸುವುದಿಲ್ಲ" ಅನ್ನುವ ಮಾತನ್ನು ಅಪ್ಪಂದಿರ ಬಾಯಿಂದಲೇ ಹೇಳಿಸಿದರೆ ಅರ್ಧ ಕೆಲಸ ಆಗುತ್ತದೆ.

ಮಕ್ಕಳಿಗೆ ಹೇಳಬೇಕಾದದ್ದು ಸಣ್ಣದು. ದುಡ್ಡು ಕೊಡಬೇಡ, ಇನ್ನೊಂದು ಫೋಟೋ ಕಳಿಸಬೇಡ, ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ. ಚಾಟ್ ಅಳಿಸಬೇಡ, ಅವೇ ಪುರಾವೆ. ಸ್ಕ್ರೀನ್‌ಶಾಟ್ ತೆಗೆ, ಆಮೇಲೆ ಬ್ಲಾಕ್ ಮಾಡು. ನಂಬಿಕೆ ಇರುವ ಒಬ್ಬ ದೊಡ್ಡವರಿಗೆ ಹೇಳು. ಅಂಥವರು ಯಾರೂ ಇಲ್ಲ ಅನ್ನಿಸಿದರೆ 1098ಕ್ಕೆ ಫೋನ್ ಮಾಡು, ಅದು ಮಕ್ಕಳ ಸಹಾಯವಾಣಿ.

ಹದಿನೆಂಟರೊಳಗಿನವರ ಫೋಟೋ ಹರಡದಂತೆ ತಡೆಯಲು 'ಟೇಕ್ ಇಟ್ ಡೌನ್' ಅನ್ನುವ ಉಚಿತ ಸೇವೆ ಇದೆ. ಅಮೆರಿಕದ ಮಕ್ಕಳ ರಕ್ಷಣಾ ಸಂಸ್ಥೆಯೊಂದು ನಡೆಸುತ್ತದೆ, ಇಲ್ಲಿಂದಲೂ ಬಳಸಬಹುದು. ಹೆಸರು ಹೇಳಬೇಕಿಲ್ಲ. ಫೋಟೋ ಕೂಡ ನಿಮ್ಮ ಫೋನು ಬಿಟ್ಟು ಹೋಗುವುದಿಲ್ಲ. ಆ ಫೋಟೋದಿಂದ ಲೆಕ್ಕ ಹಾಕಿ ತೆಗೆದ ಒಂದು ಉದ್ದ ಸಂಖ್ಯೆ ಮಾತ್ರ ಹೋಗುತ್ತದೆ. ಬೆರಳಚ್ಚಿನ ಹಾಗೆ ಆ ಸಂಖ್ಯೆ ಆ ಫೋಟೋಗೆ ಮಾತ್ರ ಹೊಂದುತ್ತದೆ, ಆದರೆ ಅದರಿಂದ ಫೋಟೋ ಮತ್ತೆ ಮಾಡಲು ಬರುವುದಿಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ತಾಣಗಳು ಆ ಸಂಖ್ಯೆಗೆ ಹೊಂದುವ ಚಿತ್ರ ಕಂಡರೆ ತೆಗೆಯುತ್ತವೆ. ವಾಟ್ಸಾಪ್‌ನಲ್ಲಿ ಒಬ್ಬರಿಂದ ಒಬ್ಬರಿಗೆ ಹೋದದ್ದನ್ನು ಇದು ತಡೆಯಲಾರದು, ಅದನ್ನೂ ಮುಚ್ಚಿಡದೆ ಹೇಳಬೇಕು. ಹದಿನೆಂಟು ದಾಟಿದವರಿಗೆ 'ಸ್ಟಾಪ್ ಎನ್‌ಸಿಐಐ' ಅನ್ನುವ ಇಂಥದ್ದೇ ಸೇವೆ ಇದೆ.

ಶಿಕ್ಷಕರಿಗೆ ಒಂದು ಮಾತು. ಇಂಥದ್ದು ಕಿವಿಗೆ ಬಿದ್ದರೆ "ಶಾಲೆ ಹೆಸರು ಕೆಡ್ತದ" ಅಂತ ಒಳಗೊಳಗೇ ಮುಗಿಸಲು ಬರುವುದಿಲ್ಲ. 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಮಕ್ಕಳ ಮೇಲಿನ ಲೈಂಗಿಕ ಅಪರಾಧ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಅದೇ ಅಪರಾಧ. ಮಗುವಿನ ಹೆಸರು, ಗುರುತು ಮಾಧ್ಯಮದಲ್ಲಿ ಬರದಂತೆ ಅದೇ ಕಾಯ್ದೆ ಕಾಪಾಡುತ್ತದೆ ಅನ್ನುವುದನ್ನು ಪೋಷಕರಿಗೆ ಹೇಳಿದರೆ ಅವರ ಅರ್ಧ ಹೆದರಿಕೆ ಇಳಿಯುತ್ತದೆ.

ದುಡ್ಡು ಹೋದರೆ 1930ಕ್ಕೆ ಫೋನ್ ಮಾಡಬೇಕು, ಅದು ಸೈಬರ್ ವಂಚನೆಯ ಸಹಾಯವಾಣಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಓಡುತ್ತಿರುತ್ತದೆ. ಅದು ತೆಗೆದು ಖಾಲಿಯಾಗುವ ಮೊದಲು ತಡೆ ಹಾಕಿಸಬೇಕು, ಅದಕ್ಕೇ ಗಂಟೆಗಳ ಲೆಕ್ಕ. ನಾಳೆ ಬ್ಯಾಂಕಿಗೆ ಹೋಗಿ ಕೇಳೋಣ ಅಂದರೆ ತಡವಾಯಿತು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಬರೆಯಬಹುದು, ಜಿಲ್ಲಾ ಕೇಂದ್ರದಲ್ಲಿ ಸೈಬರ್ ಅಪರಾಧ ನೋಡುವ ಸಿಇಎನ್ ಪೊಲೀಸ್ ಠಾಣೆಗೂ ಹೋಗಬಹುದು.

ಇದಕ್ಕೂ ತರಗತಿಯಲ್ಲಿ ತಾಲೀಮು ಮಾಡಿಸಬಹುದು. ಒಂದು ಬಿಳಿ ಹಾಳೆ ಕೊಡಿ. "ನಿಮ್ಮ ಅಪ್ಪನ ಖಾತೆಯಿಂದ ಈಗ ತಾನೇ ಐದು ಸಾವಿರ ಹೋಗಿದೆ, 1930ಕ್ಕೆ ಫೋನ್ ಮಾಡಿದ್ದೀರಿ, ಅವರು ಏನೇನು ಕೇಳುತ್ತಾರೆ?" ಅಂತ ಬರೆಸಿ. ಖಾತೆ ಯಾವ ಬ್ಯಾಂಕಿನದು, ಹಣ ಹೋದದ್ದು ಎಷ್ಟು ಗಂಟೆಗೆ, ಎಷ್ಟು ಮೊತ್ತ, ಯಾವ ನಂಬರಿನಿಂದ ಫೋನ್ ಬಂದಿತ್ತು, ಮೆಸೇಜಿನಲ್ಲಿರುವ ವ್ಯವಹಾರ ಸಂಖ್ಯೆ ಯಾವುದು. ಕೊನೆಯದನ್ನು ಎಲ್ಲಿ ನೋಡಬೇಕು ಅಂತ ಬಹಳ ಮಕ್ಕಳಿಗೆ ತಿಳಿಯುವುದಿಲ್ಲ. ಮನೆಗೆ ಹೋಗಿ ಅಪ್ಪನ ಫೋನಿನಲ್ಲಿ ಹಳೆಯ ರೀಚಾರ್ಜಿನ ಮೆಸೇಜು ತೆಗೆದು ಹುಡುಕಿ ತೋರಿಸಲಿ. ಅಪ್ಪನಿಗೂ ಗೊತ್ತಿರುವುದಿಲ್ಲ, ಇಬ್ಬರೂ ಕೂಡಿ ಹುಡುಕುತ್ತಾರೆ. ಆ ವಾರದ ಮನೆಗೆಲಸ ಅಷ್ಟೇ.